ತೊರವಿಯಿಂದ ಗೋವೆಯ ದ್ವೀಪಕ್ಕೆ

1510ರಲ್ಲಿ ಪೋರ್ತುಗೀಜರು ವಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡರೆಂಬುದು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಕಾಣುವ ಮಾತು. ಅವರು ಕಸಿದುಕೊಂಡುದು ಇಂದಿನ ಗೋವಾ ರಾಜ್ಯದಷ್ಟು ನಾಡನ್ನಲ್ಲ, ಒಂದು ದ್ವೀಪವನ್ನು ಮಾತ್ರ. ಆ ನೆಲವನ್ನು ಮೆಟ್ಟಿ ನೋಡುವವರೆಗೆ ನಮಗೂ ಇದರ ಮಹತ್ತ್ವ ಹೊಳೆದಿರಲಿಲ್ಲ. ಫೋಂಡಾದಿಂದ ಪಣಜಿಗೆ ಹೋಗುವ ಬಸ್ಸು ಬಾಣಸ್ತಾರಿಯ ಸೇತುವೆಯನ್ನು ಕ್ಷಣಮಾತ್ರದಲ್ಲಿ ದಾಟಿಬಿಡುತ್ತದೆ. ದ್ವೀಪವನ್ನು ಹೊಕ್ಕೆವೆಂಬ ಅರಿವು ಪ್ರಯಾಣಿಕರಿಗೆ ಆಗುವುದೇ ಇಲ್ಲ. ಕೆಳಗಿರುವುದು ಮಾಂಡವಿ, ಜುವಾರಿ ನದಿಗಳನ್ನು ಕೂಡಿಸುವ ಕುಂಭಾರಜುವೆಯ ಕಾಲುವೆ. ಅದರ ಪಶ್ಚಿಮದ ತಿಸವಾಡಿಯೇ ಅಂದಿನ ಗೋವೆ.

ಈ ದ್ವೀಪದ ಚರಿತ್ರೆ 1510ಕ್ಕೆ ಮೊದಲಾಗುವುದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕದಂಬರು ಚಂದ್ರಪುರವನ್ನು ಬಿಟ್ಟು ಜುವಾರಿಯ ದಡದ ಗೋಪಕಪಟ್ಟಣವನ್ನು ರಾಜಧಾನಿಯಾಗಿ ಮಾಡಿಕೊಂಡರು. ಮುಂದೆ ವಿಜಯನಗರವೂ ಬಹಮನಿಗಳೂ ಇದಕ್ಕಾಗಿ ಹೋರಾಡಿದರು. 1472ರಲ್ಲಿ ಮಹಮೂದ ಗವಾನನು ಇದನ್ನು ಗೆದ್ದನು. ಅರಬ್ಬೀ ಕುದುರೆಗಳು ಬಂದಿಳಿಯುವ ರೇವನ್ನು ದಖ್ಖನಿನ ಯಾವ ಅರಸನೂ ಬಿಟ್ಟುಕೊಡಲಾರನಷ್ಟೆ.

1510ರ ಘಟನೆಗಳನ್ನು ತುಸು ವಿವರವಾಗಿಯೇ ನೋಡಬೇಕು. ಹೊನ್ನಾವರದ ತಿಮ್ಮೋಜನ ಪ್ರೇರಣೆಯಿಂದ ಆಲ್ಬುಕರ್ಕನು ಆ ವರ್ಷದ ಆರಂಭದಲ್ಲಿ ಹೆಚ್ಚಿನ ಪ್ರತಿರೋಧವಿಲ್ಲದೆ ನಗರವನ್ನು ಹೊಕ್ಕನು. ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯವು ಕಾಲುವೆಯನ್ನು ದಾಟಿ ಬಂದು ಅವನನ್ನು ಹೊರದೂಡಿತು. ಅಷ್ಟರಲ್ಲಿ ಮಳೆಗಾಲವು ಹಿಡಿದುದರಿಂದ ಹಡಗುಗಳು ಸಮುದ್ರಕ್ಕೆ ಹೋಗಲಾರದೆ ಆಗಸ್ಟಿನವರೆಗೆ ಮಾಂಡವಿಯಲ್ಲಿಯೇ ಹಸಿವಿನಿಂದ ಕಳೆಯಬೇಕಾಯಿತು. ಆ ಮೂರು ತಿಂಗಳು ವಿಜಾಪುರದ ಕೈ ಮೇಲಾಗಿದ್ದಿತು. ಆದರೆ ನದಿಯಲ್ಲಿ ನಿಂತ ಹಡಗುಗಳನ್ನು ನಾಶಪಡಿಸುವ ನೌಕಾಬಲ ಅದಕ್ಕಿರಲಿಲ್ಲ. ಇದೇ ನಿರ್ಣಾಯಕವಾಯಿತೆಂದು ನಮ್ಮ ಅಭಿಪ್ರಾಯ. ಯೂಸುಫನು ತೀರಿಕೊಂಡು ಬಾಲಕ ಇಸ್ಮಾಯಿಲನು ಪಟ್ಟಕ್ಕೆ ಬಂದುದನ್ನೇ ಸೋಲಿಗೆ ಕಾರಣವೆನ್ನುವುದು ರೂಢಿ. ಅದು ಅರ್ಧ ಸತ್ಯ. ನವೆಂಬರ 25ರಂದು ನಗರವು ಮತ್ತೆ ಪೋರ್ತುಗೀಜರ ವಶವಾಯಿತು. ಬಾಣಸ್ತಾರಿಯ ಕೋಟೆಯನ್ನು ವಿಜಾಪುರದವರು ಮರಳಿ ಹಿಡಿದರಾದರೂ 1512ರಲ್ಲಿ ಅದೂ ಕೈತಪ್ಪಿತು.

ಆಚೆಯ ದಡವು ಬಹುಕಾಲ ವಿಜಾಪುರದ್ದಾಗಿಯೇ ಉಳಿಯಿತು. ಸಾಷ್ಟಿ ಮತ್ತು ಬಾರ್ದೇಶಗಳು ಪೋರ್ತುಗೀಜರಿಗೆ ದೊರೆತುದು 1543ರಲ್ಲಿ. ಫೋಂಡಾ ಕೋಟೆಯನ್ನು ಆದಿಲಶಾಹಿಯಿಂದ ಗೆದ್ದವನು ಶಿವಾಜಿ, 1675ರಲ್ಲಿ. ತಾಳೀಕೋಟೆಯಲ್ಲಿ ವಿಜಯನಗರವನ್ನು ಮುರಿದವರಲ್ಲಿ ಒಬ್ಬನಾದ ಅಲಿ ಆದಿಲಶಾಹನು 1570-71ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿಯೂ ಈ ಕಿರಿದಾದ ನೀರನ್ನು ಗೆಲ್ಲಲಾರದೆ ಸಂಧಿ ಮಾಡಿಕೊಂಡನು.

ಹಳೆಯ ಗೋವೆಯಲ್ಲಿ ಆದಿಲಶಾಹನ ಅರಮನೆಯದೆಂದು ತೋರಿಸುವುದು ಒಂದು ಬಾಗಿಲನ್ನು ಮಾತ್ರ. ಸುತ್ತಲೂ ಕೆಂಪು ಜಂಬಿಟ್ಟಿಗೆಯ ನಾಡು. ಬಾಗಿಲಿನ ಕಂಬ, ತೊಲೆಗಳು ಕರಿಗಲ್ಲಿನವು. ವಿಜಾಪುರದ ಕಡೆಯಿಂದ ಹೋದವರಿಗೆ ಆ ಕಲ್ಲು ಅಪರಿಚಿತವೆನಿಸದು. ಅಲ್ಲಿಂದ ಅನತಿದೂರದಲ್ಲಿ ನದಿಯತ್ತ ಮುಖ ಮಾಡಿರುವುದು ವೈಸರಾಯರ ಕಮಾನು. ವಾಸ್ಕೋ ಡ ಗಾಮನ ಮರಿಮಗನಾದ ಫ್ರಾನ್ಸಿಸ್ಕೋ ಡ ಗಾಮನು ತನ್ನ ಪೂರ್ವಜನ ಸ್ಮರಣೆಗಾಗಿ 1599ರ ಸುಮಾರಿಗೆ ಅದನ್ನು ಕಟ್ಟಿಸಿದನು. ಈಗ ನಿಂತಿರುವುದು 1954ರಲ್ಲಿ ಪುನಃ ಕಟ್ಟಿದ್ದು.

1599ರಲ್ಲಿಯೇ ಎರಡನೆಯ ಇಬ್ರಾಹಿಮ ಆದಿಲಶಾಹನು ನಮ್ಮ ತೊರವಿಯ ಬಳಿ ನವರಸಪುರಕ್ಕೆ ಅಡಿಪಾಯ ಹಾಕಿಸಿದನು. ಅದರ ಕೋಟೆಗೋಡೆಯು ಪೂರ್ತಿಯಾಗಲೇ ಇಲ್ಲ. ತೊರವಿಯ ಬಯಲಿಗೆ ಹೊಳೆಯ ಕಾವಲೂ ಇರಲಿಲ್ಲ. 1624ರಲ್ಲಿ ಮಲಿಕ ಅಂಬರನ ಸೈನ್ಯವು ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಭಗ್ನಾವಶೇಷವನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಹೋಗಿ ನೋಡಬಹುದು.