ಪತ್ರಕ್ಕೆ ಉತ್ತರ ಬಾರದಾಗ: ಕಥೋಲಿಕ ಧರ್ಮಸಭೆಯಲ್ಲಿ ಬಹಿರಂಗ ಟೀಕೆಯ ಹಕ್ಕು

ಧರ್ಮಾಧ್ಯಕ್ಷರನ್ನು ಕಥೋಲಿಕರು ಬಹಿರಂಗವಾಗಿ ಟೀಕಿಸಬಹುದೇ ಎಂಬ ಪ್ರಶ್ನೆಗೆ ಧರ್ಮಸಭೆಯ ಕಾನೂನೇ 1983ರಲ್ಲಿ ಉತ್ತರ ಕೊಟ್ಟಿದೆ. ಆ ವರ್ಷದ ಕ್ಯಾನನ್ ಸಂಹಿತೆಯ 212ನೇ ವಿಧಿಯ ಪ್ರಕಾರ, ತಮ್ಮ ತಿಳಿವಳಿಕೆ ಮತ್ತು ಯೋಗ್ಯತೆಗೆ ತಕ್ಕಂತೆ ಧರ್ಮಸಭೆಯ ಒಳಿತಿನ ಬಗ್ಗೆ ತಮ್ಮ ಅಭಿಪ್ರಾಯವನ್ನು ಧರ್ಮಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ. ಅದನ್ನು ಉಳಿದ ವಿಶ್ವಾಸಿಗಳ ಮುಂದೆಯೂ ಇಡಬಹುದು. ಈ ಕೊನೆಯ ಮಾತು ಸಣ್ಣದಲ್ಲ. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯ ‘ಲೂಮೆನ್ ಜೆಂಟಿಯುಂ’ ಇದೇ ಹಕ್ಕನ್ನು ಹೇಳುವಾಗ, ಧರ್ಮಸಭೆ ಸ್ಥಾಪಿಸಿದ ಸಂಸ್ಥೆಗಳ ಮೂಲಕ ಹೋಗಿ ಎಂದಿತ್ತು. ಸಂಹಿತೆ ಆ ಬೇಲಿಯನ್ನು ಸಡಿಲಿಸಿತು. ಷರತ್ತುಗಳೇನೋ ಇವೆ: ಗೌರವ ತಪ್ಪಬಾರದು, ವಿಶ್ವಾಸ–ನೀತಿಗಳಿಗೆ ಧಕ್ಕೆಯಾಗಬಾರದು. ಅನ್ಯಾಯವಾಗಿ ಹೆಸರು ಕೆಡಿಸುವುದನ್ನು 220ನೇ ವಿಧಿ ತಡೆಯುತ್ತದೆ, ಅಧಿಕಾರಸ್ಥರ ವಿರುದ್ಧ ದ್ವೇಷ ಕೆರಳಿಸುವುದನ್ನು 1373ನೇ ವಿಧಿ ದಂಡಿಸುತ್ತದೆ. ಹಾಗಾಗಿ ಇಲ್ಲಿ ವಿಚಾರಿಸಬೇಕಾದದ್ದು ಟೀಕೆ ಯಾವಾಗ ಬೀದಿಗೆ ಬರಬೇಕು ಎಂಬುದನ್ನು.

ಸಂಪ್ರದಾಯದಲ್ಲಿ ಇದರ ಮೂಲ ನಿದರ್ಶನ ಅಂತಿಯೋಕ್ಯದ ಜಗಳ. ಅನ್ಯಜನರೊಡನೆ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಪೇತ್ರ, ಯೆಹೂದಿ ವಿಶ್ವಾಸಿಗಳಾದ ಯಕೋಬನ ಕಡೆಯವರು ಬಂದೊಡನೆ ಹಿಂದೆ ಸರಿದ. ಪೌಲ ಎಲ್ಲರೆದುರೇ ಅವನನ್ನು ಖಂಡಿಸಿದ. (ಪಂಕ್ತಿಭೇದ ನಮ್ಮ ಓದುಗರಿಗೆ ವಿವರಿಸಬೇಕಾದ ವಿಷಯವೇನಲ್ಲ.) ಸಂತ ಜೆರೋಮ್‌ಗೆ ಈ ಘಟನೆ ಮುಜುಗರ ತಂದಿತು. ಅಪೊಸ್ತಲರಿಬ್ಬರೂ ಸೇರಿ ಆಡಿದ ನಾಟಕವಿದು ಎಂದು ವ್ಯಾಖ್ಯಾನಿಸಿದ. ಸಂತ ಅಗಸ್ಟೀನ್ ಪತ್ರದ ಮೇಲೆ ಪತ್ರ ಬರೆದು ಇದನ್ನು ವಿರೋಧಿಸಿದ: ಪೇತ್ರ ನಿಜಕ್ಕೂ ತಪ್ಪಿದ, ಪೌಲ ನಿಜಕ್ಕೂ ತಿದ್ದಿದ, ಇಲ್ಲವೆಂದರೆ ಧರ್ಮಗ್ರಂಥದ ಮಾತನ್ನು ನಂಬುವುದು ಹೇಗೆ? ಎಂಟು ಶತಮಾನಗಳಿಗೂ ಹೆಚ್ಚು ಕಾಲದ ಬಳಿಕ ಥಾಮಸ್ ಅಕ್ವಿನಾಸ್ ಅಗಸ್ಟೀನನ ಪಕ್ಷವನ್ನೇ ಹಿಡಿದು, ವಿಶ್ವಾಸಕ್ಕೇ ಅಪಾಯ ಬಂದಾಗ ಅಧೀನರು ಮೇಲಿನವರನ್ನು ಬಹಿರಂಗವಾಗಿಯೂ ತಿದ್ದಬೇಕು ಎಂದ. ಉಳಿದ ಸಂದರ್ಭಗಳಿಗೆ ಮತ್ತಾಯನ ಶುಭಸಂದೇಶದ ಕ್ರಮವಿದೆ: ಮೊದಲು ಒಬ್ಬಂಟಿಯಾಗಿ ಹೇಳು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಕೇಳದಿದ್ದರೆ ಸಭೆಗೆ ತಿಳಿಸು.

‘ಮನೆಯ ಮಾತು ಮನೆಯಲ್ಲೇ ಇರಲಿ’ ಎನ್ನುವವರು ಈ ಕ್ರಮದ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ. ಅಲ್ಲೇ ನಿಂತರೆ ಆಗುವುದೇನು ಎಂಬುದಕ್ಕೆ ಬಾಸ್ಟನ್ ಮಹಾಧರ್ಮಪ್ರಾಂತ್ಯದ ಕಡತಗಳು ಸಾಕ್ಷಿ. ತಮ್ಮ ಕುಟುಂಬದ ಏಳು ಬಾಲಕರ ಮೇಲೆ ಜಾನ್ ಗೇಗನ್ ಎಂಬ ಯಾಜಕ ಎಸಗಿದ ದೌರ್ಜನ್ಯದ ಬಗ್ಗೆ ಒಬ್ಬ ಮಹಿಳೆ 1982ರಲ್ಲಿ ಆಗಿನ ಕಾರ್ಡಿನಲ್‌ಗೆ ಪತ್ರ ಬರೆದರು. 1984ರ ಡಿಸೆಂಬರಿನಲ್ಲಿ ಸಹಾಯಕ ಧರ್ಮಾಧ್ಯಕ್ಷ ಜಾನ್ ಡಾರ್ಸಿ ಹೊಸ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಲಾ ಅವರಿಗೆ ಬರೆದು, ಗೇಗನ್‌ನನ್ನು ಮತ್ತೊಂದು ಧರ್ಮಕೇಂದ್ರಕ್ಕೆ ಕಳಿಸಿದ್ದನ್ನು ಪ್ರಶ್ನಿಸಿದರು. ಎರಡೂ ಪತ್ರಗಳು ವಿನಯದಿಂದ, ಗೋಪ್ಯವಾಗಿ, ಸರಿಯಾದ ವಿಳಾಸಕ್ಕೇ ಹೋಗಿದ್ದವು. ಗೇಗನ್ ಆ ಧರ್ಮಕೇಂದ್ರದಲ್ಲಿ ವರ್ಷಗಟ್ಟಲೆ ಮುಂದುವರಿದ. ‘ಬಾಸ್ಟನ್ ಗ್ಲೋಬ್’ 2002ರ ಜನವರಿಯಲ್ಲಿ ಈ ಕಡತಗಳನ್ನು ಬಯಲಿಗೆಳೆಯಿತು. ಶ್ರೀಸಾಮಾನ್ಯ ವಿಶ್ವಾಸಿಗಳು ಸಂಘಟಿತರಾದರು. ಡಿಸೆಂಬರಿನಲ್ಲಿ 58 ಯಾಜಕರು ರಾಜೀನಾಮೆ ಕೇಳಿ ಸಹಿ ಹಾಕಿದ ಕೆಲವೇ ದಿನಗಳಲ್ಲಿ ಲಾ ಪದತ್ಯಾಗ ಮಾಡಿದರು. ಹತ್ತೊಂಬತ್ತು ವರ್ಷಗಳ ಗುಟ್ಟಿನ ವಿನಂತಿಯಿಂದ ಆಗದ್ದು ಹನ್ನೊಂದು ತಿಂಗಳ ಬಹಿರಂಗ ಮಾತಿನಿಂದ ಆಯಿತು. ಇದನ್ನು ಹಗೆತನವೆನ್ನುವುದು ನನ್ನ ಮಟ್ಟಿಗೆ ಕಷ್ಟ. ಮತ್ತಾಯನ ಮೂರನೆಯ ಮೆಟ್ಟಿಲು ಇದೇ ಅಲ್ಲವೇ?

1990ರ ‘ದೋನುಮ್ ವೆರಿತಾತಿಸ್’ ಎಂಬ ವ್ಯಾಟಿಕನ್ ದಸ್ತಾವೇಜು ಮಾಧ್ಯಮಗಳ ಮೂಲಕ ಒತ್ತಡ ಹೇರಬೇಡಿ ಎಂದದ್ದನ್ನು ಇಲ್ಲಿಗೆ ಎಳೆದು ತರುವುದುಂಟು. ಅದು ಬೋಧನೆಯನ್ನು ಒಪ್ಪದ ದೇವಶಾಸ್ತ್ರಜ್ಞರಿಗೆ ಹೇಳಿದ ಮಾತು. ವರ್ಗಾವಣೆಯ ಆದೇಶ ಬೋಧನೆಯಲ್ಲ.

ಮಿತಿಯೆಲ್ಲಿ ಎಂಬುದಕ್ಕೆ ಮಹಾಧರ್ಮಾಧ್ಯಕ್ಷ ವಿಗಾನೊ ಉದಾಹರಣೆ. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಅಮೆರಿಕದ ಮೆಕ್ಯಾರಿಕ್ ಪ್ರಕರಣದಲ್ಲಿ ಅವರು 2018ರಲ್ಲಿ ಬಹಿರಂಗ ಪತ್ರ ಬರೆದು ಪೋಪ್ ಫ್ರಾನ್ಸಿಸರ ರಾಜೀನಾಮೆಯನ್ನೇ ಕೇಳಿದರು. 2024ರಲ್ಲಿ ಅವರಿಗೆ ಬಹಿಷ್ಕಾರ ವಿಧಿಸಿದ್ದು ಪೋಪರ ಅಧಿಕಾರವನ್ನೂ ಎರಡನೇ ವ್ಯಾಟಿಕನ್ ಮಹಾಸಭೆಯನ್ನೂ ತಿರಸ್ಕರಿಸಿದ್ದಕ್ಕೆ, ಅಂದರೆ ಧರ್ಮಭೇದದ ಅಪರಾಧಕ್ಕೆ. ಆ ಪತ್ರ ಬರೆದದ್ದಕ್ಕಲ್ಲ.

2019ರ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಶಾಸನ, ದೂರು ಕೊಟ್ಟವರ ಮೇಲೆ ಮೌನ ಹೇರುವಂತಿಲ್ಲ ಎಂದಿದೆ. ಆದರೆ ಅದರ ವ್ಯಾಪ್ತಿ ಲೈಂಗಿಕ ದೌರ್ಜನ್ಯ ಮತ್ತು ಅದನ್ನು ಮುಚ್ಚಿಹಾಕುವುದಕ್ಕೆ ಸೀಮಿತ. ಕೇರಳದ ಎರ್ನಾಕುಲಂ–ಅಂಗಮಾಲಿ ಮಹಾಧರ್ಮಪ್ರಾಂತ್ಯದಲ್ಲಿ ಯಾಜಕರು ಬಹಿರಂಗವಾಗಿ ಎತ್ತಿದ ಭೂಮಾರಾಟದ ಪ್ರಶ್ನೆಯಾಗಲಿ, ಭಾರತದ ಧರ್ಮಸಭೆಯೊಳಗಿನ ಜಾತಿ ತಾರತಮ್ಯದ ದೂರಾಗಲಿ ಅದರಡಿ ಬರುವುದಿಲ್ಲ. ಅಂಥವಕ್ಕೆ 212ನೇ ವಿಧಿ, ಪೂರ್ವ ಸಂಪ್ರದಾಯದ ಸಭೆಗಳಾದರೆ 1990ರ ಸಂಹಿತೆಯ 15ನೇ ವಿಧಿ, ಆಸರೆ. ಒಳಗಿನ ದಾರಿಗಳಾದರೋ ಇಕ್ಕಟ್ಟಿನವು: ಧರ್ಮಪ್ರಾಂತ್ಯದ ಪಾಲನಾ ಮಂಡಳಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಇದೆ. ಹಣಕಾಸು ಮಂಡಳಿಯ ಸದಸ್ಯರನ್ನು ಧರ್ಮಾಧ್ಯಕ್ಷರೇ ನೇಮಿಸುತ್ತಾರೆ. ಆಜ್ಞಾಪತ್ರ ಕೋರಿದ ಅರ್ಜಿಗೆ ಮೂರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅದನ್ನು ನಿರಾಕರಣೆಯೆಂದೇ ಎಣಿಸಿ ಮೇಲ್ಮನವಿ ಸಲ್ಲಿಸಲು 1983ರ ಸಂಹಿತೆಯ 57ನೇ ವಿಧಿ ಅವಕಾಶ ಕೊಡುತ್ತದೆ. ವಿಶ್ವಾಸಿಗಳು 212ರಡಿ ಎತ್ತಿದ ಪ್ರಶ್ನೆಗೂ ಧರ್ಮಸಭೆ ಅಂಥ ಗಡುವು ಹಾಕಬಹುದು. ಅಲ್ಲಿಯವರೆಗೆ, ಬರೆದು ಕಾದು ಬೇಸತ್ತು ಪತ್ರಿಕೆಯ ಕಚೇರಿಗೆ ಹೋದವರನ್ನು ಅವಿಧೇಯರೆನ್ನಲು ಸಂಹಿತೆಯಲ್ಲಿ ಆಧಾರ ಕಾಣುವುದಿಲ್ಲ.