ಗೀಟಿನ ಈಚೆ, ಗೀಟಿನ ಆಚೆ

ಬೆಂಗಳೂರಿನ ಹಳೆಯ ಪೇಟೆಯನ್ನು ಬಲ್ಲವರಿಗೆ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ಯಾವ ಕಸುಬು ಎಲ್ಲಿ ನಡೆಯುತ್ತಿತ್ತೆಂಬುದನ್ನು ಹೆಸರೇ ಸಾರುತ್ತದೆ. ಕಸುಬಿನ ಗಡಿ ಬಹುಮಟ್ಟಿಗೆ ಕುಲದ ಗಡಿಯೂ ಆಗಿತ್ತೆಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಅದಕ್ಕೆ ನಕ್ಷೆ ಬೇಕಿರಲಿಲ್ಲ, ವಾಡಿಕೆಯೇ ಶಾಸನವಾಗಿತ್ತು. ಇಂದಿನ ನಗರವಾದರೋ ಈ ಕೆಲಸವನ್ನು ನಕ್ಷೆಯ ಮೂಲಕ ಮಾಡುತ್ತದೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಎಂದು ಬಣ್ಣ ಬಳಿದು, ನಡುವೆ ಗೀಟೆಳೆದು, ಇವು ವಲಯಗಳು ಎನ್ನುತ್ತದೆ. ಗೀಟು ಎಳೆಯುವವರು ಯಾರು? ಎಳೆದ ಗೀಟನ್ನು ಓದಿ ಅರ್ಥ ಹೇಳುವವರು ಯಾರು? ಈ ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದೆಂದು ನನ್ನ ಅಭಿಪ್ರಾಯ. ನ್ಯಾಯಾಲಯದ ಕಟ್ಟೆಯ ಮೇಲೆ ಈ ಪ್ರಶ್ನೆ ಬಿಸಿಬಿಸಿಯಾಗಿ ಚರ್ಚೆಗೊಂಡದ್ದು ಅಮೆರಿಕದಲ್ಲಿ. ಆದ್ದರಿಂದ ಮೊದಲು ಅಲ್ಲಿಗೆ ಹೋಗೋಣ.

ವಲಯವೆಂಬ ಮಾತು ಅಲ್ಲಿ ಇನ್ನೂ ರೂಢಿಗೆ ಬಾರದಿದ್ದ ಕಾಲ. ೧೮೮೦ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರವು ಒಂದು ನಿಯಮ ಮಾಡಿತು: ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಬೇಕಾದರೆ ನಗರಸಭೆಯ ಒಪ್ಪಿಗೆ ಬೇಕು. ಬೆಂಕಿಯ ಭಯ ಎಂಬುದು ಕಾರಣ. ಮಾತಿನಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ. ಊರಿನಲ್ಲಿದ್ದ ಸುಮಾರು ೩೨೦ ಅಂಗಡಿಗಳಲ್ಲಿ ೩೧೦ ಮರದವು; ೨೪೦ರಷ್ಟು ಚೀನೀಯರವು. ಒಪ್ಪಿಗೆ ಕೇಳಿದ ಚೀನೀಯರು ಇನ್ನೂರಕ್ಕೂ ಮೇಲ್ಪಟ್ಟು. ಅವರಲ್ಲಿ ಒಬ್ಬರಿಗೂ ಸಿಗಲಿಲ್ಲ. ಚೀನೀಯರಲ್ಲದ ೮೦ ಮಂದಿ ಕೇಳಿದರು. ಒಬ್ಬರನ್ನುಳಿದು ಎಲ್ಲರಿಗೂ ಸಿಕ್ಕಿತು. ಯಿಕ್ ವೋ ಮೊಕದ್ದಮೆಯಲ್ಲಿ ೧೮೮೬ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾನೂನಿನ ಮುಖ ನಿಷ್ಪಕ್ಷಪಾತವಾಗಿದ್ದರೂ ಅದನ್ನು ನಡೆಸುವ ಕೈ ಪಕ್ಷಪಾತದ್ದಾದರೆ ಅದು ನ್ಯಾಯವಲ್ಲವೆಂದು ಹೇಳಿತು. ಬರೆದದ್ದು ಒಂದು, ಓದಿದ್ದು ಇನ್ನೊಂದು!

ಮೂವತ್ತು ವರ್ಷಗಳ ಮೇಲೆ, ೧೯೧೬ರಲ್ಲಿ, ನ್ಯೂಯಾರ್ಕು ಇಡೀ ನಗರಕ್ಕೆ ಅನ್ವಯಿಸುವ ವಲಯ ನಿಯಮಗಳನ್ನು ಜಾರಿಗೆ ತಂದಿತು. ಅದರ ಹಿಂದಿನ ವರ್ಷ ಅಲ್ಲಿ ಈಕ್ವಿಟಬಲ್ ಕಟ್ಟಡ ತಲೆಯೆತ್ತಿತ್ತು. ಸುಮಾರು ಒಂದು ಎಕರೆ ನೆಲದ ಮೇಲೆ ಸುಮಾರು ೪೦ ಅಂತಸ್ತು! ಅದರ ನೆರಳು ಅಕ್ಕಪಕ್ಕದ ಕಟ್ಟಡಗಳ ಬೆಳಕನ್ನು ನುಂಗಿತೆಂಬ ಕೂಗು ಎದ್ದಿತು. ಜೊತೆಗೆ ಇನ್ನೊಂದು ಕೂಗೂ ಇತ್ತು. ಐದನೆಯ ಅವೆನ್ಯೂವಿನ ಸಿರಿವಂತ ಅಂಗಡಿಕಾರರಿಗೆ, ಮಧ್ಯಾಹ್ನದ ಬಿಡುವಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿಂದ ಬೀದಿಗಿಳಿಯುತ್ತಿದ್ದ ವಲಸೆಗಾರ ಕೂಲಿಗಳ ಗುಂಪು ಹಿಡಿಸುತ್ತಿರಲಿಲ್ಲ. ಕಟ್ಟಡದ ನೆರಳನ್ನು ತಡೆಯಬೇಕೆಂಬ ಬೇಡಿಕೆಯೂ ಬಡವನ ನೆರಳನ್ನು ತಡೆಯಬೇಕೆಂಬ ಬೇಡಿಕೆಯೂ ಒಂದೇ ಶಾಸನದಲ್ಲಿ ಸೇರಿಕೊಂಡವು.

ಮರುವರ್ಷವೇ ಇನ್ನೊಂದು ತೀರ್ಪು ಬಂತು. ಲೂಯಿವಿಲ್ ನಗರವು, ಬಿಳಿಯರು ಹೆಚ್ಚಾಗಿರುವ ಬೀದಿಯಲ್ಲಿ ಕಪ್ಪು ಜನರೂ ಕಪ್ಪು ಜನರು ಹೆಚ್ಚಾಗಿರುವ ಬೀದಿಯಲ್ಲಿ ಬಿಳಿಯರೂ ಮನೆ ಮಾಡಬಾರದೆಂದು ವಿಧಿಸಿತ್ತು. ೧೯೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮೈಬಣ್ಣದ ಗೀಟು ಹೀಗೆ ಅಳಿಯಿತು. ಆದರೆ ಹಣದ ಗೀಟು?

ಅದಕ್ಕೆ ಉತ್ತರ ಬಂದದ್ದು ಕ್ಲೀವ್‌ಲ್ಯಾಂಡಿನ ನೆರೆಯ ಯೂಕ್ಲಿಡ್ ಎಂಬ ಸಣ್ಣ ಊರಿನಿಂದ. ರೇಖಾಗಣಿತದ ಯೂಕ್ಲಿಡ್‌ನ ಹೆಸರನ್ನೇ ಆ ಸೀಮೆಗೆ ಅಳತೆಗಾರರು ಇಟ್ಟಿದ್ದರು. ೧೯೨೨ರಲ್ಲಿ ಆ ಊರು ತನ್ನ ನೆಲವನ್ನು ಆರು ಬಗೆಯ ಬಳಕೆಗಳಾಗಿ ವಿಂಗಡಿಸಿತು. ಒಂದೇ ಸಂಸಾರದ ಮನೆ ಮೊದಲನೆಯದು, ಎರಡು ಸಂಸಾರದ್ದು ಎರಡನೆಯದು, ಅನೇಕ ಬಿಡಾರಗಳ ಕಟ್ಟಡ ಮೂರನೆಯದು. ಹೀಗೆ ಇಳಿಯುತ್ತ ಭಾರೀ ಕೈಗಾರಿಕೆ ಆರನೆಯದು. ಆಂಬ್ಲರ್ ಎಂಬ ಕಂಪನಿಗೆ ಅಲ್ಲಿ ೬೮ ಎಕರೆ ಜಮೀನಿತ್ತು. ಗೀಟು ಅದರ ನಡುವೆಯೇ ಹಾದುಹೋಯಿತು. ಕೈಗಾರಿಕೆಗಾದರೆ ಎಕರೆಗೆ ೧೦,೦೦೦ ಡಾಲರು, ವಾಸಕ್ಕಾದರೆ ೨,೫೦೦ ಎಂದು ಕಂಪನಿ ಗೋಳಿಟ್ಟಿತು. ಕೆಳಗಿನ ನ್ಯಾಯಾಲಯದ ವೆಸ್ಟನ್‌ಹೇವರ್ ೧೯೨೪ರಲ್ಲಿ ಕಂಪನಿಯ ಪರ ತೀರ್ಪಿತ್ತರು. ಈ ಶಾಸನದ ಫಲವೆಂದರೆ ಜನರನ್ನು ಅವರ ಆದಾಯಕ್ಕೆ ತಕ್ಕಂತೆ ಬೇರ್ಪಡಿಸುವುದೇ ಎಂದು ಅವರು ಬಿಚ್ಚಿ ಹೇಳಿದರು. ಆದರೆ ೧೯೨೬ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂವರ ವಿರುದ್ಧ ಆರು ಮತಗಳಿಂದ ಊರಿನ ಪಕ್ಷ ಹಿಡಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ಸದರ್ಲ್ಯಾಂಡ್, ಮನೆಗಳ ನಡುವೆ ಎದ್ದು ನಿಲ್ಲುವ ಬಿಡಾರಗಳ ಕಟ್ಟಡವನ್ನು ಪರೋಪಜೀವಿಯೆಂದು ಬಣ್ಣಿಸಿದರು. ಬಾಡಿಗೆಯವರ ಪಾಲಿಗೆ ಆ ಮಾತು ಎಂಥದೆಂದು ವಠಾರದಲ್ಲಿ ಬಾಳಿದವರು ಊಹಿಸಬಲ್ಲರು. ಇನ್ನೊಂದು ಸ್ವಾರಸ್ಯವಿದೆ. ವಾಸಕ್ಕೆಂದು ಅಷ್ಟೆಲ್ಲ ಹೋರಾಡಿ ಉಳಿಸಿಕೊಂಡ ಆ ನೆಲದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಎದ್ದದ್ದು ಜನರಲ್ ಮೋಟಾರ್ಸ್ ಕಾರ್ಖಾನೆ!

ರೇಖೆಗೆ ಉದ್ದವುಂಟು, ಅಗಲವಿಲ್ಲವೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ನಗರದ ನಕ್ಷೆಯಲ್ಲಿ ಹಾಗಲ್ಲ. ಅಂಗುಲಕ್ಕೆ ೬೦೦ ಅಡಿಯೆಂಬ ಪ್ರಮಾಣದ ನಕ್ಷೆಯ ಮೇಲೆ ಅಂಗುಲದ ಐವತ್ತನೆಯ ಒಂದು ಪಾಲಿನಷ್ಟು ದಪ್ಪದ ಗೀಟು, ನೆಲದ ಮೇಲೆ ೧೨ ಅಡಿಯಾಗುತ್ತದೆ. ಒಂದು ಕೋಣೆಯಷ್ಟು ಅಗಲ! ಆ ೧೨ ಅಡಿ ಯಾವ ವಲಯದ್ದು? ಇದಕ್ಕಾಗಿಯೇ ಅಮೆರಿಕದ ಊರುಗಳ ಶಾಸನಗಳಲ್ಲಿ ಗೀಟನ್ನು ಓದುವ ಸೂತ್ರಗಳಿರುತ್ತವೆ. ಗೀಟು ರಸ್ತೆಯ ಗುಂಟ ಹೋದರೆ ರಸ್ತೆಯ ನಡುಮಧ್ಯವೇ ಗಡಿ. ನಿವೇಶನದ ಅಂಚನ್ನು ಹಿಡಿದು ಹೋದರೆ ಆ ಅಂಚೇ ಗಡಿ. ಎರಡೂ ಅಲ್ಲದಿದ್ದರೆ ನಕ್ಷೆಯ ಪ್ರಮಾಣದಿಂದ ಅಳೆಯಬೇಕು. ಅದರ ಮೇಲೂ ತಕರಾರು ಉಳಿದರೆ ಕೇಳಲು ಒಂದು ಮಂಡಳಿ. ಕೇಳುವುದಕ್ಕೆ ಒಣ ಸೂತ್ರಗಳು. ಆದರೆ ಓದುವವನ ಮರ್ಜಿಗೆ ಮೂಗುದಾರ ಹಾಕುವುದು ಇವೇ.

ಸೂತ್ರದಂತೆ ಓದಿದ ಮೇಲೂ ಗೀಟು ಅನ್ಯಾಯವಾಗಿರಬಹುದು. ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ನೆಕ್ಟೋ ಎಂಬವರ ಜಮೀನಿನ ೧೦೦ ಅಡಿ ಅಗಲದ ಪಟ್ಟಿ ವಾಸದ ವಲಯಕ್ಕೆ ಸೇರಿಹೋಗಿತ್ತು. ಸುತ್ತ ಮೋಟಾರು ಜೋಡಿಸುವ ಕಾರ್ಖಾನೆ, ಸೋಪಿನ ಕಾರ್ಖಾನೆ, ರೈಲುಹಳಿ. ಅಲ್ಲಿ ಮನೆ ಕಟ್ಟುವವರು ಯಾರು? ನ್ಯಾಯಾಲಯ ನೇಮಿಸಿದ ಅಧಿಕಾರಿ ಸ್ಥಳವನ್ನು ಕಣ್ಣಾರೆ ಕಂಡು, ಈ ಗೀಟಿನಿಂದ ಊರಿಗೆ ಯಾವ ಹಿತವೂ ಇಲ್ಲವೆಂದು ವರದಿ ಕೊಟ್ಟರು. ೧೯೨೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಗೀಟನ್ನು ಅಲ್ಲಿಯ ಮಟ್ಟಿಗೆ ಅಳಿಸಿತು. ತೀರ್ಪು ಬರೆದವರು ಅದೇ ಸದರ್ಲ್ಯಾಂಡ್! ವಲಯಪದ್ಧತಿ ಸಾಧುವೆಂದವರೇ, ಪ್ರತಿಯೊಂದು ಗೀಟೂ ತನ್ನ ನೆಲದ ಮೇಲೆ ನಿಂತು ಜವಾಬು ಕೊಡಬೇಕೆಂದರು.

ನಮ್ಮಲ್ಲಿ ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿಂದ ವಲಯಗಳಿಗೆ ಶಾಸನದ ಬಲ ಬಂತು. ಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದು ಆ ಕಾಯಿದೆಯೂ ಹೇಳುತ್ತದೆ. ಆದರೆ ನಮ್ಮ ಮನೆಯ ಪಕ್ಕದಲ್ಲಿ ಕಲ್ಯಾಣಮಂಟಪದ ಧ್ವನಿವರ್ಧಕ ಮೊಳಗಿದ ದಿನವಲ್ಲದೆ ನಮಗೆ ವಲಯದ ನೆನಪಾಗುವುದಿಲ್ಲ. ಆಗಲೂ ನಾವು ಕೇಳುವುದು ನಮ್ಮ ನೆಮ್ಮದಿಯನ್ನು. ಗೀಟಿನ ಆಚೆಗೆ ದೂಡಲ್ಪಟ್ಟವನ ಅನ್ನವನ್ನಲ್ಲ. ಬೀದಿಯ ಮೂಲೆಯ ಇಸ್ತ್ರಿಯವನೂ ಹಿತ್ತಿಲಲ್ಲಿ ಹಪ್ಪಳ ಒತ್ತಿ ಮಾರುವವಳೂ ಹಳದಿ ಬಣ್ಣದ ನೆಲದಲ್ಲೇ ಬದುಕುತ್ತಾರೆ. ನಕ್ಷೆಯನ್ನು ಓದುವಾಗ ಅವರೂ ಕಣ್ಣಿಗೆ ಬೀಳಬೇಕು. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗುವ ಆ ಪ್ರಕಟಣೆಯನ್ನು ಇನ್ನು ಮುಂದಾದರೂ ಹಾರಿಸದೆ ಓದೋಣ.