ಪಿಎಚ್‌ಪಿ ಮೂಲಕ ಗ್ನೂ ಆಕ್ಟೇವ್ ಬಳಕೆ

ಗ್ನೂ ಆಕ್ಟೇವ್ ಎಂಬುದು ಮಾತೃಕೆಗಳ ಲೆಕ್ಕ, ಸಮೀಕರಣಗಳ ಪರಿಹಾರ, ನಕ್ಷೆ ರಚನೆ ಮುಂತಾದ ಸಾಂಖ್ಯಿಕ ಗಣನೆಗಳಿಗೆ ಬಳಸುವ ಮುಕ್ತ ತಂತ್ರಾಂಶ. ಇದರ ಭಾಷೆ ಬಹುಮಟ್ಟಿಗೆ ಮ್ಯಾಟ್‌ಲ್ಯಾಬ್‌ನ ಭಾಷೆಗೆ ಹೊಂದಿಕೊಳ್ಳುತ್ತದೆ. ಜಾಲಪುಟದಲ್ಲಿ ಬಳಕೆದಾರರು ನೀಡಿದ ಮೌಲ್ಯಗಳನ್ನು ಸರ್ವರಿನಲ್ಲಿರುವ ಪಿಎಚ್‌ಪಿ ಸ್ಕ್ರಿಪ್ಟ್ ಆಕ್ಟೇವ್‌ಗೆ ಒಪ್ಪಿಸಿ, ಬಂದ ಉತ್ತರವನ್ನು ಪುಟದಲ್ಲಿ ತೋರಿಸುವಂತೆ ಮಾಡಬಹುದು.

ಹಿನ್ನೆಲೆ

ರಾಸಾಯನಿಕ ರಿಯಾಕ್ಟರ್ ವಿನ್ಯಾಸದ ಪಠ್ಯಪುಸ್ತಕವೊಂದಕ್ಕೆ ಪೂರಕವಾಗಿ ಆಕ್ಟೇವ್ ಅನ್ನು ಯೋಜಿಸಲಾಯಿತು. ಜಾನ್ ಈಟನ್ 1992ರಲ್ಲಿ ಅದರ ಪೂರ್ಣಪ್ರಮಾಣದ ಅಭಿವೃದ್ಧಿಯನ್ನು ಆರಂಭಿಸಿದರು. ಸಂಗೀತದ ಸಪ್ತಕಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಅದು ಈಟನ್ ಅವರ ಪ್ರಾಧ್ಯಾಪಕ ಆಕ್ಟೇವ್ ಲೆವೆನ್‌ಸ್ಪೀಲ್ ಅವರದು.

ಕಾರ್ಯವಿಧಾನ

ಪಿಎಚ್‌ಪಿಯ 'ಶೆಲ್ ಎಕ್ಸೆಕ್' ಅಥವಾ 'ಪ್ರಾಕ್ ಓಪನ್' ಫಂಕ್ಷನ್ ಆಕ್ಟೇವ್ ಅನ್ನು ಪ್ರತ್ಯೇಕ ಪ್ರಕ್ರಿಯೆಯಾಗಿ ಆರಂಭಿಸುತ್ತದೆ. ಪಿಎಚ್‌ಪಿ 7.4ರಿಂದ 'ಪ್ರಾಕ್ ಓಪನ್'ಗೆ ಆದೇಶವನ್ನು ಪಟ್ಟಿಯ ರೂಪದಲ್ಲಿ ಕೊಟ್ಟು, ಶೆಲ್‌ನ ನೆರವಿಲ್ಲದೆಯೇ ಪ್ರಕ್ರಿಯೆಯನ್ನು ನಡೆಸಬಹುದು.

ಉತ್ತರವನ್ನು ಹಿಂಪಡೆಯುವಾಗ ನಿಖರತೆ ಸದ್ದಿಲ್ಲದೆ ಕಳೆದುಹೋಗುವುದುಂಟು. ಆಕ್ಟೇವ್ ಸಾಮಾನ್ಯವಾಗಿ ಪೈ ಬೆಲೆಯನ್ನು 3.1416 ಎಂದಷ್ಟೇ ಮುದ್ರಿಸುತ್ತದೆ. ಒಳಗಿನ ಲೆಕ್ಕ ಸುಮಾರು 16 ಅಂಕಿಗಳವರೆಗೆ ನಿಖರವಾಗಿದ್ದರೂ ಪಿಎಚ್‌ಪಿಗೆ ದೊರೆಯುವುದು ಈ ಮುದ್ರಿತ ಪಠ್ಯ ಮಾತ್ರ. ಆದ್ದರಿಂದ 'ಪ್ರಿಂಟ್‌ಎಫ್' ಬಳಸಿ 17 ಅಂಕಿಗಳನ್ನು ಕೇಳಿ ಪಡೆಯಬೇಕು.

ಸುರಕ್ಷತೆ

ಈ ವಿಧಾನದ ನಿಜವಾದ ಅಪಾಯ ಇರುವುದು ಇಲ್ಲಿ. 'ಎಸ್ಕೇಪ್‌ಶೆಲ್‌ಆರ್ಗ್' ಬಳಸಿದರೆ ಸಾಕೆಂಬ ಭಾವನೆ ತಪ್ಪು. ಅದು ಶೆಲ್ ಅನ್ನು ಕಾಯುತ್ತದೆಯೇ ಹೊರತು ಆಕ್ಟೇವ್ ಅನ್ನಲ್ಲ. ಆಕ್ಟೇವ್ ಭಾಷೆಯಲ್ಲಿಯೇ 'ಸಿಸ್ಟಮ್' ಎಂಬ ಫಂಕ್ಷನ್ ಇದ್ದು, ಅದು ಕಾರ್ಯಾಚರಣಾ ವ್ಯವಸ್ಥೆಯ ಯಾವುದೇ ಆದೇಶವನ್ನು ನಡೆಸಬಲ್ಲದು. ಕಡತಗಳನ್ನು ಅಳಿಸುವ ಫಂಕ್ಷನ್‌ಗಳೂ ಇವೆ. ಸೂತ್ರ ಬರೆಯಲೆಂದು ಕೊಟ್ಟ ಪೆಟ್ಟಿಗೆಯಲ್ಲಿ ಇಂತಹ ಕರೆಯನ್ನು ಬರೆದವರು, ಜಾಲ ಸರ್ವರಿನ ಖಾತೆಗಿರುವ ಎಲ್ಲ ಅಧಿಕಾರಗಳನ್ನೂ ಪಡೆದಂತಾಗುತ್ತದೆ. ನಿಷಿದ್ಧ ಪದಗಳ ಪಟ್ಟಿಯೂ ದುರ್ಬಲ ರಕ್ಷಣೆಯೇ, ಏಕೆಂದರೆ 'ಇವಾಲ್' ಫಂಕ್ಷನ್ ತುಂಡು ಪದಗಳನ್ನು ಜೋಡಿಸಿಯೂ ನಡೆಸುತ್ತದೆ. ಬಳಕೆದಾರರಿಂದ ಸಂಖ್ಯೆಗಳನ್ನು ಮಾತ್ರ ಸ್ವೀಕರಿಸಿ, ಅವು ಸಂಖ್ಯೆಗಳೇ ಎಂದು ಪಿಎಚ್‌ಪಿಯಲ್ಲಿ ಪರಿಶೀಲಿಸಿ, ಮೊದಲೇ ಬರೆದಿಟ್ಟ ಆಕ್ಟೇವ್ ಕಡತಕ್ಕೆ ಒಪ್ಪಿಸುವುದು ಲೇಸು. ಸೂತ್ರಗಳಿಗೂ ಅವಕಾಶ ಕೊಡಲೇಬೇಕಾದಲ್ಲಿ ಆಕ್ಟೇವ್ ಅನ್ನು ಅಧಿಕಾರವಿಲ್ಲದ ಪ್ರತ್ಯೇಕ ಕಂಟೇನರಿನಲ್ಲಿ ನಡೆಸಬೇಕಾಗುತ್ತದೆ.

ಕಾಲಮಿತಿ

ಪಿಎಚ್‌ಪಿಯ ಗರಿಷ್ಠ ಚಾಲನಾವಧಿ ಸಾಮಾನ್ಯವಾಗಿ 30 ಸೆಕೆಂಡು. ಆದರೆ ಲಿನಕ್ಸ್‌ನಲ್ಲಿ ಹೊರಗಿನ ಪ್ರಕ್ರಿಯೆಗಾಗಿ ಕಾಯುವ ಸಮಯ ಈ ಲೆಕ್ಕಕ್ಕೆ ಸೇರುವುದಿಲ್ಲ. ಮುಗಿಯದ ಆವರ್ತನೆಗೆ ಸಿಲುಕಿದ ಆಕ್ಟೇವ್ ಸರ್ವರಿನ ಪ್ರೊಸೆಸರನ್ನು ಹಿಡಿದೇ ಇರಬಹುದು. ಇದನ್ನು ತಡೆಯಲು ಲಿನಕ್ಸ್‌ನ 'ಟೈಮ್‌ಔಟ್' ಆದೇಶದ ಮೂಲಕ ಆಕ್ಟೇವ್ ಅನ್ನು ಆರಂಭಿಸುವುದು ವಾಡಿಕೆ.